ತಟ್ಟೆ ಮಾತ್ರ ಬೇರೆ

ಬೈಕುಲ್ಲಾ

ಮೋನಪ್ಪ ಸೇಠರಿಗೆ, ನಿಮ್ಮ ಹೋಟೆಲಿನಲ್ಲಿ ಬಡಿಸುವ ಶರಣುವಿನ ನಮಸ್ಕಾರ.

ನೀವೇ ನಡೆಸಿದ ರಕ್ತದಾನ ಶಿಬಿರದಲ್ಲಿ ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿತು. ಮರುದಿನವೇ ನನ್ನ ತಟ್ಟೆ, ಲೋಟ ಮೋರಿಯ ಪಕ್ಕಕ್ಕೆ ಹೋದವು. "ನಿನಗೆ ವಿಐಪಿ ತಟ್ಟೆ ಮಾರಾಯ!" ಎಂದು ನನ್ನ ಜೊತೆ ಬಡಿಸುವ ಧನರಾಜ್ ನಕ್ಕ. ನನಗೆ ನಗು ಬರಲಿಲ್ಲ. ಊರಲ್ಲಿ ನನ್ನಪ್ಪನಿಗೂ ಲೋಟ ಬೇರೆಯೇ ಇತ್ತು. ಅವನಿಗೆ ಯಾವ ರೋಗವೂ ಇರಲಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಜೊತೆ ಕುರ್ಲಾದ ಮುಸ್ಲಿಂ ಹುಡುಗಿ, ವಿಕ್ರೋಳಿಯ ಮರಾಠಿ ಪೈಲ್ವಾನ ಕೂತಿದ್ದರು. "ಎಲ್ಲ ಜಾತಿಯ ಗಟ್ಟಿಮುಟ್ಟು ಹುಡುಗರಲ್ಲೂ ಇದೆ, ಅವರಿಗೇ ಗೊತ್ತಿರಲ್ಲ. ಒಟ್ಟಿಗೆ ಉಂಡರೆ ಬರಲ್ಲ, ರಕ್ತ ತಾಗಿದರೆ ಬರುತ್ತೆ. ರೇಜರ್ ಹಂಚಿಕೊಳ್ಳಬೇಡ," ಎಂದರು ಡಾಕ್ಟರಮ್ಮ.

ಸೇಠರೇ, ಬಡಿಸುವವರ ಮುಖ ನುಣ್ಣಗಿರಬೇಕೆಂದು ನಿಮ್ಮ ಹುಕುಂ. ಬಡಿಸುವ ನಾವು ಮಲಗುವ ಕೋಣೆಯಲ್ಲಿ ಐದು ಮಂದಿಗೆ ಇದ್ದದ್ದು ಒಂದೇ ರೇಜರ್. ನನ್ನಿಂದ ಅವರಿಗೋ, ಅವರಿಂದ ನನಗೋ, ಯಾರು ಬಲ್ಲರು? ತಟ್ಟೆ ಬೇರೆ ಮಾಡಿದಿರಿ, ರೇಜರಿನ ಬಗ್ಗೆ ಕೇಳಲಿಲ್ಲ. ಇಂದು ನಾನೇ ಅದನ್ನು ಎಸೆದೆ.

ಎಲ್ಲರ ರಕ್ತ ಪರೀಕ್ಷೆ ಮಾಡಿಸಿ, ರೋಗ ತಗಲದವರಿಗೆ ಲಸಿಕೆ ಹಾಕಿಸಿ. ಅಲ್ಲಿಯವರೆಗೆ ಐವರೂ ಗಡ್ಡ ಬಿಟ್ಟೇ ಬಡಿಸುತ್ತೇವೆ. ಧನರಾಜನೂ ಒಪ್ಪಿದ್ದಾನೆ.

ನನ್ನ ತಟ್ಟೆಯನ್ನು ತೊಳೆದು ಎಲ್ಲರ ತಟ್ಟೆಗಳ ನಡುವೆ ಇಟ್ಟಿದ್ದೇನೆ. ಯಾವುದು ನನ್ನದೆಂದು ಈಗ ನನಗೂ ಗೊತ್ತಿಲ್ಲ.

ನಾಳೆಯೂ ಕೆಲಸಕ್ಕೆ ಬರುವ,
ಶರಣು