ಕಪ್ಪು ಜಡೆಯವಳು ಹೇಳದ ಮಾತು

ಅಕ್ಕಾ,

ಯಾರಿಗೇ ಕಾಗದ ಬರೆಸಿದರೂ ಮೊದಲ ಸಾಲು ‘ನಾವೆಲ್ಲ ಆರಾಮ’ ಎಂದೇ ಇರಬೇಕು ಎನ್ನುತ್ತಿದ್ದವಳು ನೀನು. ಇವತ್ತು ಅದನ್ನೇ ಬರೆಯಲು ಹೋದೆ, ಆಗಲಿಲ್ಲ. ನೀನು ಹೋಗಿ ಒಂದು ವರ್ಷ ದಾಟಿತು. ಅಷ್ಟರಲ್ಲಿ ನಾನು ಮೂರು ಕೆಲಸ ಬಿಟ್ಟೆ. ಲಾರಿಯಲ್ಲಿ ಕ್ಲೀನರ್ ಆಗಿ ಹುಬ್ಬಳ್ಳಿಗೆ ತಿರುಗಿದೆ, ಅಂಕೋಲೆಯ ಸೈಕಲ್ ಅಂಗಡಿಯಲ್ಲಿ ಕೂತೆ, ಮಾಸ್ತರರ ಭಾವನ ಜೊತೆ ವೈರಿಂಗ್ ಕಲಿಯಲು ಹೋದೆ. ಈಗ ಬಿಣಗಾದಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತೇನೆ. ಎಲ್ಲೂ ನಿಲ್ಲಲಿಕ್ಕೆ ಆಗುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಅಪ್ಪ ಬಯ್ಯುತ್ತಾನೆ. ನಿನ್ನ ಕಡೇ ದಿನಗಳಲ್ಲಿ ನಿನಗೆ ನಾನೊಂದು ಸುಳ್ಳು ಹೇಳಿದ್ದೆ ಎಂದು ಅವನಿಗೆ ಗೊತ್ತಿಲ್ಲ. ನಿನಗೂ ಗೊತ್ತಾಗಲಿಲ್ಲ. ಅಥವಾ ಗೊತ್ತಿದ್ದೂ ನೀನು…

ಬೆಳಂಬಾರದ ಮಾಸ್ತರರ ಮನೆಯ ಜಗಲಿ ನೆನಪಿದೆಯಾ? ಭಾನುವಾರ ಬೆಳಿಗ್ಗೆ ಆ ಕಪ್ಪು ಬಿಳುಪು ಟಿವಿಯ ಮುಂದೆ ಅರ್ಧ ಊರೇ ಇರುತ್ತಿತ್ತು. ಒಬ್ಬ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಒಬ್ಬ ಕೆಳಗಿಂದ ‘ಬಂತು, ಹೋಯ್ತು’ ಎನ್ನಬೇಕು. ಕಾರ್ಟೂನ್ ಮಕ್ಕಳದ್ದು ಎಂದು ದೊಡ್ಡವರು ನಗುತ್ತಿದ್ದರು. ಆದರೆ ಗಂಜಿ ಉಂಡು ಗದ್ದೆ ನೆಟ್ಟಿಗೆ ಹೋಗಬೇಕಾದ ನೀನೂ ನಮ್ಮ ಮನೆಯ ನಾಗಕ್ಕನೂ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಿರಿ. ಕಡಲಿನ ನಡುವೆ ಒಂದು ಊರು. ರಾಕ್ಷಸರ ಹಡಗು ಬಂದು ಊರನ್ನು ಸುಟ್ಟಿತು. ಉಳಿದದ್ದು ಇಬ್ಬರು ಹುಡುಗಿಯರು. ಗಾಳಿಯ ಜೊತೆ ಮಾತಾಡುವ ಒಬ್ಬ ಮುದುಕಿ ಇಬ್ಬರನ್ನೂ ಸಾಕಿದಳು, ಇಬ್ಬರಿಗೂ ಅದೇ ವಿದ್ಯೆ ಕಲಿಸಿದಳು. ಅವರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೆ ಬಿಳಿ ಜಡೆ, ಕಪ್ಪು ಜಡೆ ಎಂದು ನಾವೇ ಕರೆದೆವು.

ಹಿಂದಿ ಅಲ್ಲಿ ಯಾರಿಗೆ ಬರುತ್ತಿತ್ತು? ನೀನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ಕಾರವಾರದಲ್ಲಿ ಒಂದು ವರ್ಷ ಮನೆಗೆಲಸಕ್ಕೆ ಇದ್ದು ಕೊಂಕಣಿ ಕಲಿತಿದ್ದೆ. ಆ ಕೊಂಕಣಿಯ ಬಲದ ಮೇಲೆ ಟಿವಿಯ ಹಿಂದಿಯನ್ನು ನಮಗೆಲ್ಲ ಕನ್ನಡ ಮಾಡಿ ಹೇಳುತ್ತಿದ್ದೆ. ಜಗಲಿಯ ಮುದುಕಿಯರು ಟಿವಿ ಬಿಟ್ಟು ನಿನ್ನ ಬಾಯನ್ನೇ ನೋಡುತ್ತಿದ್ದರು. ಕಪ್ಪು ಜಡೆ ಊರು ಬಿಟ್ಟ ಭಾನುವಾರವೇ ನಮಗಿಬ್ಬರಿಗೂ ಜಗಳವಾದದ್ದು. ಬಿಳಿ ಜಡೆ ಊರಿನ ದೀಪ ಕಾಯುತ್ತ ನಿಂತಳು. ಕಪ್ಪು ಜಡೆ ದೊಡ್ಡ ಹಕ್ಕಿಯ ಬೆನ್ನೇರಿ, ಊರು ಸುಟ್ಟವರ ಬೆಟ್ಟದ ಕಡೆಗೇ ಹೊರಟಳು. ‘ನಾನು ತಿರುಗಿ ಬರ್ತೇನೆ, ದೀಪ ಆರಿಸಬೇಡ’ ಎಂದು ಅವಳು ಹೇಳಿದಳೆಂದು ನೀನು ಎಲ್ಲರಿಗೂ ಹೇಳಿದೆ. ನಾನು ಆಗ ಏಳನೇ ತರಗತಿ, ಶಾಲೆಯಲ್ಲಿ ಹಿಂದಿ ಇತ್ತು, ಗತ್ತು ಬೇರೆ. ಹಾಗೆ ಅವಳು ಹೇಳಲೇ ಇಲ್ಲ, ಅಕ್ಕ ಕೈಯಿಂದ ಹಾಕಿ ಹೇಳುತ್ತಾಳೆ ಎಂದು ಎಲ್ಲರೆದುರು ಅಂದುಬಿಟ್ಟೆ.

“ಬಾಯಲ್ಲಿ ಹೇಳಲಿಲ್ಲ ತಮಾ,” ಎಂದೆ ನೀನು. “ಅದ್ರ ಮೋರೆ ನೋಡು.”

ನಾಗಕ್ಕ ನನ್ನ ಪಕ್ಷ. ಸಾಕಿದವರನ್ನು ಬಿಟ್ಟು ಹೋಗುವುದು ಎಂಥಾ ಕಲ್ಲು ಮನಸ್ಸು, ತನ್ನ ಕೈಲಾದರೆ ಆ ಹಕ್ಕಿಯ ಪುಕ್ಕ ಕೀಳುತ್ತಿದ್ದೆ ಎಂದು ದಾರಿಯುದ್ದಕ್ಕೂ ಹೇಳಿದಳು. ಅವಳಿಗೆ ಬಿಳಿ ಜಡೆ ಎಂದರೆ ಪ್ರಾಣ. ನಿನಗೆ ಕಪ್ಪು ಜಡೆ. ಇದು ಅದಲು ಬದಲು ಆಗಬೇಕಿತ್ತಲ್ಲವಾ ಎಂದು ಈಗ ಎಷ್ಟು ಸಲ ಯೋಚಿಸಿದ್ದೇನೋ.

ನೀನೂ ನಾಗಕ್ಕನೂ ಆ ಹುಡುಗಿಯರ ಹಾಗೇ ಬೆಳೆದವರು. ನಮ್ಮ ಅವ್ವಿ ತೀರಿದ ವರ್ಷವೇ ಚಿಕ್ಕಿಯೂ ತೀರಿಕೊಂಡಳು. ಚಿಕ್ಕಿಯ ಮಗಳು ನಾಗಕ್ಕನನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದನಂತೆ. ಒಂದೇ ಚಾಪೆ, ಒಂದೇ ಬಾಚಣಿಗೆ, ಒಬ್ಬಳ ರವಿಕೆ ಇನ್ನೊಬ್ಬಳಿಗೆ. ಇಳಿತದ ಹೊತ್ತಿಗೆ ಇಬ್ಬರೂ ಹೊಳೆಯಲ್ಲಿ ಬಳಚಿನ ಚಿಪ್ಪು ಆರಿಸಲು ಹೋದರೆ ನೀನು ಕೂತ ಜಾಗದಲ್ಲೇ ಬುಟ್ಟಿ ತುಂಬಿಸುತ್ತಿದ್ದೆ. ಅವಳು ಆಚೆ ದಡದಲ್ಲಿ ದೊಡ್ಡದು ಸಿಗುತ್ತದೆ ಎಂದು ಸೊಂಟದ ನೀರಿಗೆ ಇಳಿಯುತ್ತಿದ್ದಳು. ಒಂದೇ ಮನೆಯ ಅನ್ನ ಉಂಡು ಇಬ್ಬರು ಇಷ್ಟು ಬೇರೆ ಹೇಗಾಗುತ್ತಾರೆ?

ನಮ್ಮ ಜಗಳದ ಆ ಮಳೆಗಾಲ ಕಳೆದ ಮೇಲೆ ನಾಗಕ್ಕ ಒಬ್ಬನ ಜೊತೆ ಹೋದಳು. ಮಾಜಾಳಿಯವನು, ಗೋವಾದ ಬೋಟಿನಲ್ಲಿ ದುಡಿಯುವವನು, ಬೇರೆ ಜಾತಿ. ಮರುದಿನ ಅಪ್ಪ ನಮ್ಮಿಬ್ಬರನ್ನು ಸಮುದ್ರಕ್ಕೆ ಕರೆದುಕೊಂಡು ಹೋದ. ಸತ್ತವರಿಗೆ ಮೀಯುವ ಹಾಗೆ ಮೂರು ಸಲ ಮುಳುಗಿ, ಎಳ್ಳುನೀರು ಬಿಟ್ಟು, ಇನ್ನು ಆ ಹೆಸರು ಈ ಮನೆಯಲ್ಲಿ ಬರಬಾರದು ಎಂದ. ನಾನು ಮುಳುಗಿದೆ. ನೀನು ಮೊಣಕಾಲು ನೀರಿನಲ್ಲಿ ನಿಂತೇ ಇದ್ದೆ. ಮನೆಗೆ ಬರುವಾಗ ನಿನ್ನ ಕೂದಲು ಒಣಗಿಯೇ ಇತ್ತು. ಅಪ್ಪ ಅದನ್ನು ನೋಡಿದ.

ಆಮೇಲೆ ನಿನಗೆ ಬಂದ ಎರಡು ಸಂಬಂಧಗಳು ಅಂಗಳದಿಂದಲೇ ತಿರುಗಿ ಹೋದವು. ಓಡಿಹೋದ ಹುಡುಗಿಯ ಮನೆ ಎಂದು. ನಾನು ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಬಿದ್ದಿದ್ದ ಕಾಲ, ಸಿಟ್ಟು ಎಲ್ಲಿ ಹಾಕಬೇಕು ಗೊತ್ತಾಗುತ್ತಿರಲಿಲ್ಲ. ನಿನ್ನ ಕಪ್ಪು ಜಡೆ ಹಕ್ಕಿ ಹತ್ತಿ ಆರಾಮ ಇದೆ, ನೀನು ದೀಪ ಕಾಯುತ್ತ ಮುದುಕಿಯಾಗು ಎಂದು ಒಂದು ದಿನ ಉಣ್ಣುವಾಗ ಅಂದೆ. ನೀನು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ, ಅಷ್ಟೆ. ಬಯ್ದಿದ್ದರೆ ಏನಾಗುತ್ತಿತ್ತು ಅಕ್ಕ?

ಕಾಮಾಲೆ ಬಂದು ನಿನ್ನನ್ನು ಕಾರವಾರದ ಆಸ್ಪತ್ರೆಯಲ್ಲಿ ಮಲಗಿಸಿದ ಮೇಲೆ, ಅಪ್ಪ ಚಹಾ ತರಲು ಹೋದಾಗ ನೀನು ನನ್ನ ಕೈ ಹಿಡಿದೆ.

“ಮಾಜಾಳಿ ದೂರಿಲ್ಲ ತಮಾ. ನಾಗೀನ ಒಂದ್ಸಲ ಕರ್ಕಂಡು ಬಾ.”

ನಾನು ಹೋದೆ. ಹೋದದ್ದು ಸುಳ್ಳಲ್ಲ. ಕೇಳುತ್ತ ಕೇಳುತ್ತ ಅವಳ ಮನೆಯ ದಾರಿಗೂ ಬಂದೆ. ಅವಳು ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ಇನ್ನೊಬ್ಬ ಹೆಂಗಸಿನ ಜೊತೆ ಏನೋ ಹೇಳಿ ನಗುತ್ತಿದ್ದಳು. ಆ ನಗು ನೋಡಿ ನನ್ನ ಮೈ ಉರಿಯಿತು. ನಾವು ಯಾರಿಗೆ ನೀರು ಬಿಟ್ಟಿದ್ದೆವೋ ಅವಳು ನಗುತ್ತಿದ್ದಾಳೆ, ನೀನು ಅಲ್ಲಿ ಹಳದಿ ಕಣ್ಣು ಬಿಟ್ಟು ಮಲಗಿದ್ದೀಯ. ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿದೆ. ಮನೆಗೆ ಬೀಗ ಇತ್ತು ಎಂದು ನಿನಗೆ ಹೇಳಿದೆ.

ನಾಳೆ ಮತ್ತೊಮ್ಮೆ ಹೋಗು ಎಂದೆ ನೀನು. ಮರುದಿನ ನಾನು ಹೋಗಲೇ ಇಲ್ಲ. ಕಾರವಾರದ ಬೀಚಿನಲ್ಲಿ ಮಧ್ಯಾಹ್ನದವರೆಗೆ ಕೂತು ಬಂದು, ಸಿಕ್ಕಿದಳು, ಬರುತ್ತೇನೆ ಎಂದಿದ್ದಾಳೆ ಅಂದೆ. ನೀನು ಸುಮ್ಮನಾಗಲಿ ಎಂದು ಹೇಳಿದೆನಾ, ನನ್ನ ಪೀಡೆ ಕಳೆಯಲಿ ಎಂದು ಹೇಳಿದೆನಾ, ಇವತ್ತಿಗೂ ಗೊತ್ತಿಲ್ಲ. ನೀನು ನರ್ಸಿನ ಹತ್ತಿರ ಬಾಚಣಿಗೆ ಕೇಳಿದೆ. ಕೈ ಎತ್ತಲು ಆಗದೆ ನನ್ನಿಂದ ತಲೆ ಬಾಚಿಸಿಕೊಂಡೆ. ಮೂರು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದೆ. ಯಾರ ಚಪ್ಪಲಿ ಸದ್ದಾದರೂ ‘ಬಂತು ಕಾಣ್ತದೆ’ ಎನ್ನುತ್ತಿದ್ದೆ. ನಾಲ್ಕನೇ ದಿನ…

ಹೋದ ತಿಂಗಳು ಬಿಣಗಾದಲ್ಲಿ ಒಂದು ಕ್ವಾರ್ಟರ್ಸಿನ ಒಳಗೆ ಬಣ್ಣ ಹೊಡೆಯುತ್ತಿದ್ದೆ. ಆ ಮನೆಯ ಮಗು ಟಿವಿ ಹಾಕಿತು. ಅದೇ ಕಾರ್ಟೂನ್, ಅಕ್ಕ! ಹಳೆಯದನ್ನೇ ಮತ್ತೆ ತೋರಿಸುತ್ತಿದ್ದಾರೆ. ಅದು ಬಣ್ಣದ ಟಿವಿ. ಬಿಳಿ ಜಡೆ ಬಿಳಿಯಲ್ಲ, ಹಣ್ಣು ಭತ್ತದ ಬಣ್ಣ. ಕಪ್ಪು ಜಡೆ ಕಪ್ಪೇ ಅಲ್ಲ, ಕುಂಕುಮದ ಹಾಗೆ ಕೆಂಪು. ನಮ್ಮ ಕಣ್ಣಿಗೆ ಅಷ್ಟು ವರ್ಷ ಒಬ್ಬಳು ಬೆಳಕು, ಒಬ್ಬಳು ಕತ್ತಲೆ. ಸರಿಯಾಗಿ ಆ ಊರು ಬಿಡುವ ಭಾಗವೇ ಬಂತು. ನಾನು ಬ್ರಶ್ ಹಿಡಿದುಕೊಂಡೇ ಕಿವಿಗೊಟ್ಟೆ. ಅವಳು ತಿರುಗಿ ಬರುತ್ತೇನೆ ಎನ್ನುವುದಿಲ್ಲ. ಏನೂ ಹೇಳುವುದಿಲ್ಲ. ಹಿಂದಿಯಲ್ಲಿ ನಾನು ಗೆದ್ದೆ. ಆದರೆ ಹಕ್ಕಿ ಮೇಲೆ ಹಾರುವಾಗ ಅವಳು ಒಂದು ಸಲ ತಿರುಗಿ ನೋಡುತ್ತಾಳೆ. ಆ ಮೋರೆಯನ್ನು ನಾನು ಅವತ್ತು ನೋಡಿರಲೇ ಇಲ್ಲ, ನಿನ್ನ ತಪ್ಪು ಹಿಡಿಯುವುದರಲ್ಲೇ ಇದ್ದೆ. ಬಣ್ಣದ ಡಬ್ಬ ಮುಚ್ಚಿಟ್ಟು ಅಲ್ಲಿಂದಲೇ ಮಾಜಾಳಿಗೆ ಹೋದೆ.

ನಾಗಕ್ಕನಿಗೆ ನೀನು ಹೋದದ್ದು ಗೊತ್ತಿತ್ತು, ಮೀನು ಮಾರುವವರಿಂದ. ಕರೆದದ್ದು ಗೊತ್ತಿರಲಿಲ್ಲ. ಹೊಸ್ತಿಲಿನ ಹೊರಗೆ ನಿಂತೇ ಎಲ್ಲ ಹೇಳಿದೆ. ಬೀಗ, ಬೀಚು, ಬಾಚಣಿಗೆ, ಒಂದನ್ನೂ ಬಿಡಲಿಲ್ಲ. ಅವಳು ಮೀನು ಹೆರೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಅಕ್ಕ ಎಷ್ಟ್ ದಿನ ದಾರಿ ಕಾಯ್ತು?” ಎಂದು ಕೇಳಿದಳು.

ಮೂರು ದಿನ ಎಂದೆ.

“ನೀ ಈಗ ಹೋಗು ತಮಾ. ನನ್ನ ಬಾಯಲ್ಲಿ ಏನಾರೂ ಬಂದೋಗ್ತದೆ.”

ನಾನು ಬಂದೆ. ಅವಳು ಕತ್ತಿ ಎಸೆದಿದ್ದರೂ ನಿಂತುಕೊಳ್ಳುತ್ತಿದ್ದೆ. ಹಾಗೆ ಹೇಳಿದ ಮೇಲೆ ನಿಲ್ಲಲು ಆಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನೆ ನಾಗಕ್ಕ ನಮ್ಮ ಮನೆಗೆ ಬಂದಳು. ಒಬ್ಬಳೇ. ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದವನು ಅವಳನ್ನು ಕಂಡು ಎದ್ದು ಒಳಗೆ ಹೋದ. ನಾನು ಅವಳನ್ನು ಬಾ ಎನ್ನಲೂ ಇಲ್ಲ. ಅವಳು ಅಂಗಳ ದಾಟಲಿಲ್ಲ. ತುಳಸಿಕಟ್ಟೆಯ ಹತ್ತಿರ ನೆಲದ ಮೇಲೆ ಕೂತಳು, ಬಿಸಿಲು ಏರುವವರೆಗೂ ಕೂತಳು. ಅಪ್ಪ ಹೊರಗೆ ಬರಲಿಲ್ಲ. ನನ್ನ ಸುಳ್ಳನ್ನು ಈಗ ಹೇಳುತ್ತಾಳೆ, ಹೇಳಲಿ, ಹೇಳಿದರೆ ಒಳ್ಳೆಯದು ಎಂದು ನಾನು ಕಂಬ ಹಿಡಿದು ಕಾಯುತ್ತಿದ್ದೆ. ಕೊನೆಗೆ ಎದ್ದು ನಿಂತು, ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ದೊಡ್ಡಪ್ಪಾ, ಅಕ್ಕ ನನ್ನ ಕರ್ದಿತ್ತು. ಬತ್ತೆ ಅಂತ ತಮ್ಮನ ಹತ್ರ ಹೇಳಿ ಕಳ್ಸಿದ್ದೆ. ಬರೂಕೆ ತಡಾ ಆಯ್ತು.”

ನನ್ನ ಕಡೆ ನೋಡಲೂ ಇಲ್ಲ. ತಿರುಗಿ ಬಸ್ಸಿನ ದಾರಿ ಹಿಡಿದಳು. ಒಳಗೆ ಅಪ್ಪ ಅಳುವುದು ಕೇಳಿಸಿತು. ನೀನು ಸತ್ತಾಗಲೂ ಕೇಳದ ಸದ್ದು ಅದು. ಆಮೇಲೆ ಹೊರಗೆ ಬಂದು, ಆಗಲೇ ಬರಲು ಅವಳಿಗೆ ಏನು ರೋಗ ಬಂದಿತ್ತು, ಹುಡುಗಿ ದಾರಿ ನೋಡಿ ನೋಡಿ ಹೋಯಿತು ಎಂದು ಅವಳನ್ನೇ ಬಯ್ದ.

ನಾನು ಆಗಲೂ ಬಾಯಿ ಬಿಡಲಿಲ್ಲ ಅಕ್ಕ. ನನ್ನ ತಪ್ಪನ್ನು ಅವಳು ಹೊತ್ತುಕೊಂಡು ಹೋದಳು, ನಾನು ಹೊರಿಸಿ ಕಳಿಸಿದೆ. ಈಗ ಬೆಳಗಾಗುತ್ತಿದೆ. ಅಪ್ಪ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದಾನೆ, ಇನ್ನೇನು ಗದ್ದೆಗೆ ಹೊರಡುತ್ತಾನೆ. ಈ ಕಾಗದ ಇಷ್ಟಕ್ಕೇ ಬಿಡುತ್ತೇನೆ. ಅವನು ಹಾರೆ ಹೆಗಲಿಗೆ ಹಾಕುವ ಮೊದಲು ಎದುರು ಹೋಗಿ ನಿಂತು ಹೇಳುತ್ತೇನೆ, ನಾಗಕ್ಕನನ್ನು ನಾನು ಕರೆದೇ ಇರಲಿಲ್ಲ ಎಂದು.

ನಿನ್ನ ತಮ್ಮ