ಓದದೆ ಹರಿದ ಚೀಟಿ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ ನಮಸ್ಕಾರ.

ಕಳೆದ ಸೋಮವಾರ ಬೆಳಿಗ್ಗೆ ನಿಮ್ಮ ಹೃದ್ರೋಗ ವಿಭಾಗದ ಡಾಕ್ಟರು, ನಮ್ಮ ಬೀದಿಯ ನಾಟಿ ವೈದ್ಯೆ ಬರೆದುಕೊಟ್ಟ ಚೀಟಿಯನ್ನು ಓದದೆಯೇ ಹರಿದು ಹಾಕಿದರು. "ಬೇರು ಅರೆಯೋರು ನನಗೆ ಪಾಠ ಹೇಳ್ಬೇಕಾ, ಅಜ್ಜಾ?" ಎಂದರು.

ಚೀಟಿಯಲ್ಲಿದ್ದದ್ದು ಇಷ್ಟೆ: ನನ್ನ ಹೆಂಡತಿ ರಕ್ತ ತೆಳುವಾಗಿಸುವ ನಿಮ್ಮ ಮಾತ್ರೆಯ ಜೊತೆಗೆ ಮಂಡಿನೋವಿನ ಕಷಾಯವನ್ನೂ ಕುಡಿಯುತ್ತಿದ್ದಾಳೆ, ಮೈಮೇಲೆ ನೀಲಿ ಕಲೆಗಳೆದ್ದಿವೆ, ಕೂಡಲೇ ರಕ್ತ ಪರೀಕ್ಷಿಸಿ.

ಮಾತ್ರೆಯ ವಿಷಯವನ್ನು ವೈದ್ಯೆಗೆ ಹೇಳದೆ ಮುಚ್ಚಿಟ್ಟವಳು ನನ್ನವಳೇ. ಮಂಡಿಗೆ ಲೇಪ ಹಚ್ಚುವಾಗ ಕಲೆ ಕಂಡ ವೈದ್ಯೆ, ಕೆದಕಿ ಕೇಳಿ ಮಾತ್ರೆಯ ವಿಷಯ ಹೊರಗೆಳೆದು, "ಅಕ್ಕಾ, ನನ್ನ ಹತ್ರಾನೂ ಕಳ್ಳಾಟವಾ? ಇವತ್ತಿಂದ ಕಷಾಯ ಬಂದ್. ಆಸ್ಪತ್ರೆಗೆ ಹೊರಡಿ" ಎಂದು ಗದರಿದರು.

ನಾನು ಜಗಳವಾಡಿಯೇ ಪರೀಕ್ಷೆ ಮಾಡಿಸಿದೆ. ರಕ್ತ ಮಿತಿಮೀರಿ ತೆಳುವಾಗಿತ್ತು; ವೈದ್ಯೆಯ ಅನುಮಾನ ನಿಜವಾಗಿತ್ತು. ನಿಮ್ಮವರೇ ಚಿಕಿತ್ಸೆ ಕೊಟ್ಟರು, ಅದಕ್ಕೆ ಋಣಿ. ಇಂದು ಅವಳು ಮನೆಯಲ್ಲಿದ್ದಾಳೆ. "ಇನ್ನೂ ಆ ಡಾಕ್ಟರ ಮೇಲೆ ಉರೀತಾ ಕೂತಿದ್ದೀರಾ? ಊಟಕ್ಕೆ ಏಳಿ" ಎಂದು ಬೈಯುತ್ತಿದ್ದಾಳೆ. ಆ ಬೈಗುಳ ಕೇಳಿ ಹೋದ ಜೀವ ಬಂದಂತಾಗಿದೆ.

ಆದರೂ ಕೇಳುತ್ತೇನೆ. ಹನ್ನೊಂದು ವರ್ಷಗಳಿಂದ ನಿಮ್ಮಲ್ಲಿಗೆ ಬರುತ್ತಿದ್ದೇವೆ. "ಬೇರೆ ಏನಾದ್ರೂ ಔಷಧಿ ತಗೋತೀರಾಮ್ಮಾ?" ಎಂದು ಒಬ್ಬರೂ ಕೇಳಿಲ್ಲ. ಯಾಕೆ? ಉತ್ತರವನ್ನು ನನಗೆ ಅಂಚೆಯಲ್ಲಿ ಕಳಿಸಬೇಡಿ. ರೋಗಿಗಳು ಹೆಸರು ಬರೆಸುವ ಕಿಟಕಿಯ ಪಕ್ಕ, ಎಲ್ಲರೂ ಓದುವಂತೆ ಅಂಟಿಸಿ.

ಇತಿ,
ನಿಮ್ಮ ಹಳೆಯ ರೋಗಿಯ ಗಂಡ,
ನಿವೃತ್ತ ಗ್ರಂಥಪಾಲಕ