ಅಟ್ಟದ ಆರು ಕಾಯಿ

ನಮ್ಮ ಮನೆಯ ಮುಂದಿನ ರೂಮಿನಲ್ಲಿದ್ದ ಸುಮತಿ ಮಿಸ್‌ಗೆ,

ಹೋದ ತಿಂಗಳು ನಾನು ನಿಮ್ಮ ಮಂಗಳೂರಿಗೆ ಬಂದಿದ್ದೆ. ಶೆಟ್ಟಿಕೆರೆಯ ನಮ್ಮ ಸ್ತ್ರೀಶಕ್ತಿ ಸಂಘದವರು ದೇವಸ್ಥಾನ, ಸಮುದ್ರ ಎಂದು ಬಸ್ಸು ಮಾಡಿಕೊಂಡು ಹೊರಟಿದ್ದರು. "ರತ್ನಾ, ಒಮ್ಮೆ ಬಾ, ನಮ್ಮ ಕಡಲು ನೋಡು" ಎಂದು ನೀವು ಎಷ್ಟು ಕಾಗದ ಬರೆದಿರಿ? ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ ಬಂದೆ. ಇದ್ದಾಗ ಬರಲು ನನಗೆ ಮುಖವಿರಲಿಲ್ಲ ಮಿಸ್. ಯಾಕೆಂದು ನಿಮಗೆ ಗೊತ್ತಿತ್ತೋ ಇಲ್ಲವೋ...

ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಪಲ್ಯಕ್ಕೂ ಕಾಯಿ, ಸಾರಿಗೂ ಕಾಯಿ. ಪಕ್ಕದಲ್ಲಿದ್ದ ಗಂಗಮ್ಮ, "ಇವ್ರೇನೇ, ಕಾಯ್ನೇ ಉಣ್ತಾರಲ್ಲೇ!" ಎಂದು ನಕ್ಕಳು. ಮೂವತ್ತು ವರ್ಷದ ಹಿಂದೆ ಅವ್ವನೂ ಹೀಗೇ ಅನ್ನುತ್ತಿದ್ದಳು, "ದಿನಕ್ಕೊಂದು ಕಾಯಿ ಅರೀತಾಳಲ್ಲೇ ಈ ಟೀಚರಮ್ಮ!" ತೋಟದ ತುಂಬ ತೆಂಗಿದ್ದರೂ ಕಾಯಿ ತಿನ್ನುವುದರಲ್ಲಿ ನಾವು ಜಿಪುಣರು. ಬಿದ್ದ ಕಾಯೆಲ್ಲ ಅಟ್ಟಕ್ಕೆ. ವರ್ಷವಿಡೀ ಅಲ್ಲೇ ಕೂತು ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು, ಅಲ್ಲಿಯವರೆಗೆ ಮನೆದೇವರು ಬಂದು ಕೇಳಿದರೂ ಕೊಡುವುದಿಲ್ಲ. ಕಾಯಿಯ ಸೀಮೆಯಲ್ಲಿದ್ದುಕೊಂಡು ನೀವು ಅಂಗಡಿಯಿಂದ ಕಾಯಿ ತರುತ್ತಿದ್ದಿರಿ.

ಆಗ ನಾನು ಒಂಬತ್ತನೇ ಕ್ಲಾಸು. ಸೈಕಲ್ಲಿನ ಮೇಲೆ ಬಳೆ, ಟೇಪು ಮಾರುತ್ತ ಬರುತ್ತಿದ್ದವನ ಹತ್ತಿರ ಕೆಂಪು ನೇಲ್ ಪಾಲಿಶ್ ಕಂಡಿತ್ತು. ಕಾಯಿ ಕೊಟ್ಟರೂ ಆಗುತ್ತದೆ ಎಂದ. ಅಟ್ಟ ಹತ್ತಿದೆ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಡಲೊಡ ಅನ್ನುವುದನ್ನೇ ಆರಿಸಿ ಆರು ಇಳಿಸಿದೆ. ಕಳ್ಳತನದಲ್ಲೂ ಕಸುಬು ಬಿಡಲಿಲ್ಲ ನೋಡಿ.

ವಾರದೊಳಗೆ ರಾಶಿಯಲ್ಲಿ ಬಿದ್ದ ಗುಳಿ ಅವ್ವನ ಕಣ್ಣಿಗೆ ಬಿತ್ತು. ನಿಮ್ಮ ರೂಮಿನ ಹಿಂದೆ ಬಿದ್ದಿದ್ದ ಚಿಪ್ಪುಗಳನ್ನು ಮೊರದಲ್ಲಿ ತುಂಬಿ ತಂದು ನಿಮ್ಮ ಬಾಗಿಲಿಗೇ ಸುರಿದಳು. "ಏನ್ರೀ ಟೀಚರಮ್ಮ, ಉಂಡ ಮನೆ ಜಂತೆ ಎಣಿಸ್ತೀರಲ್ಲ, ಓದ್ದೋರು ಮಾಡೋ ಕೆಲ್ಸಾನೇನ್ರೀ ಇದು?" ಬೀದಿಯೆಲ್ಲ ಸೇರಿತು. "ನಾನು ತೆಗೆಯಲಿಲ್ಲ ಅಮ್ಮ" ಎಂದಿರಿ ನೀವು, ನಿಮ್ಮ ಪುಸ್ತಕದ ಕನ್ನಡದಲ್ಲಿ. ಜನ ಅದಕ್ಕೂ ನಕ್ಕರು. ಮಿಸ್, ಅವೆಲ್ಲ ತುರಿದ ಹಸಿ ಚಿಪ್ಪುಗಳು. ಅಟ್ಟದ ಕಾಯಿ ಒಡೆದರೆ ಕೊಬ್ಬರಿ ಇಡೀ ಉಂಡೆಯಾಗಿ ಈಚೆಗೆ ಬರುತ್ತದೆ, ತುರಿಯುವ ಮಾತೆಲ್ಲಿ? ನಮ್ಮ ಕಡೆಯ ಮಗುವಿಗೂ ಗೊತ್ತಿರುವ ವಿಷಯ. ನಾನು ಕಂಬಕ್ಕೆ ಒರಗಿ, ಬಣ್ಣದ ಉಗುರುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ. ತಿಂಗಳು ತುಂಬುವ ಮೊದಲೇ ನೀವು ಚಿಕ್ಕನಾಯಕನಹಳ್ಳಿಯಲ್ಲಿ ರೂಮು ಮಾಡಿ, ದಿನಾ ಬಸ್ಸಿನಲ್ಲಿ ಓಡಾಡತೊಡಗಿದಿರಿ. ಆದರೂ ಹತ್ತನೇ ಕ್ಲಾಸಿನಲ್ಲಿ ನನ್ನನ್ನೇ ಮುಂದಿನ ಬೆಂಚಿಗೆ ಕರೆದು ಲೆಕ್ಕ ಹೇಳಿಕೊಟ್ಟಿರಿ. ಎರಡು ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಸಂಘದವರು ಸಮುದ್ರಕ್ಕೆ ಇಳಿದಾಗ ನಾನು ಗಂಗಮ್ಮನಿಗೆ ಹೇಳಿ, ನಿಮ್ಮ ಹಳೆಯ ಕಾಗದದ ವಿಳಾಸ ಹಿಡಿದು ಕಿನ್ನಿಗೋಳಿ ಬಸ್ಸು ಹತ್ತಿದೆ. ದಾರಿಯ ಅಂಗಳಗಳಲ್ಲಿ, ಎಣ್ಣೆಗೆಂದು ಹೋಳು ಮಾಡಿದ ಕಾಯಿಗಳು ಬಿಸಿಲಿಗೆ ಬಾಯ್ತೆರೆದು ಬಿದ್ದಿದ್ದವು. ಅಲ್ಲಿ ಅಟ್ಟವೂ ಇಲ್ಲ, ಕಾವಲೂ ಇಲ್ಲ. ನಿಮ್ಮ ತಂಗಿ ಬೆಲ್ಲ ನೀರು ಕೊಟ್ಟು ಕೂರಿಸಿದರು. "ನಿಮ್ಮ ಅಮ್ಮ ಅಕ್ಕನನ್ನು ಮಗಳ ಹಾಗೆ ನೋಡಿಕೊಂಡರಂತೆ. ಅಕ್ಕ ಯಾವಾಗಲೂ ಹೇಳುತ್ತಿದ್ದರು" ಎಂದರು. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಒಯ್ದಿದ್ದ ಕೊಬ್ಬರಿ ಚೀಲವನ್ನು ಅವರ ಕೈಗಿಟ್ಟು "ಹೌದು" ಅಂದೆ. ಹೌದು ಅಂದೆ ಮಿಸ್! ವಾಪಸು ಬರುವಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಊರಿಗೆ ಬಂದು ಮೂರು ವಾರ ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಇವತ್ತು ಬೆಳಗ್ಗೆ ಅವರೆಕಾಯಿ ಬಿಡಿಸುತ್ತಿದ್ದ ಅವ್ವನ ಎದುರು ಕೂತು ಹೇಳಿಬಿಟ್ಟೆ. ಈ ವಯಸ್ಸಿನಲ್ಲೂ ಹೊಡೆಯುತ್ತಾಳೇನೋ ಎಂದು ಹೆದರಿದ್ದೆ. ಅವಳು ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಕಣೇ."

"ಗೊತ್ತಿದ್ದೂ...?"

"ನಿನ್ನ ಕಳ್ಳಿ ಅಂದಿದ್ರೆ ಊರು ಬದುಕಿರೋವರ್ಗೂ ಆಡ್ಕೊಳ್ಳೋದು. ಆಯಮ್ಮ ಹೊರಗಿನೋಳು, ಇವತ್ತಲ್ಲ ನಾಳೆ ಹೋಗೋಳು ಅಂತ..." ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆಯಮ್ನೂ ಯಾರೋ ಹೆತ್ತಿದ್ರಲ್ವೇನೇ" ಅಂದಳು.

ಭಾನುವಾರ ನಿಮ್ಮ ತಂಗಿಯ ಹತ್ತಿರ ಹೋಗಿ ಹೇಳಿ ಬರೋಣ ಎಂದೆ. "ಅಲ್ಲಿಗೂ ಹೋಗಾನ. ಮೊದ್ಲು ಈ ಬೀದಿಗೆ ಹೇಳ್ಬೇಕು, ಅಂದಿದ್ದು ಇಲ್ಲೇ ಅಲ್ವಾ. ನನ್ನಿಂದ ತಪ್ಪಾಯ್ತು ಅಂತೀನಿ, ನಿನ್ನ ಹೆಸ್ರು ಎತ್ತಲ್ಲ ಬುಡು" ಎಂದು ಕೋಲು ಹಿಡಿದು ಎದ್ದಳು.

ಮಿಸ್, ಅವ್ವ ಈಗ ಮೂರನೇ ಮನೆಯ ಜಗಲಿಯಲ್ಲಿದ್ದಾಳೆ, ಅವಳ ದನಿ ಇಲ್ಲಿಗೆ ಕೇಳುತ್ತಿದೆ. ಕಾಗದವನ್ನು ಇಲ್ಲಿಗೇ ಬಿಟ್ಟು ಏಳುತ್ತಿದ್ದೇನೆ. ಅವಳು ನಾಲ್ಕನೇ ಮನೆ ಮುಟ್ಟುವ ಮೊದಲು ನಾನು ಹೋಗಿ ಪಕ್ಕದಲ್ಲಿ ನಿಂತು, ಕದ್ದವಳು ನಾನು ಎನ್ನಬೇಕು.

ನಿಮ್ಮ
ರತ್ನ